ಆರನೆಯ ಹೂಂ

ಬೆಟ್ಟದ ಬುಡದಲ್ಲಿ ಒಂದು ಊರಿತ್ತು. ಆ ಊರಿನಲ್ಲಿ ಚಳಿಗಾಲ ಕಳೆಯುವ ತನಕ ಯಾರೂ ‘ಬೇಡ’ ಎನ್ನುವ ಹಾಗಿರಲಿಲ್ಲ.

ಮೊದಲ ಹಿಮ ಬಿದ್ದ ದಿನ ಊರ ಹಿರಿಯ ಜೇನಿನ ಬಟ್ಟಲು ಹಿಡಿದು ಮನೆಮನೆಗೂ ಬರುತ್ತಿದ್ದ. ಬಾಗಿಲಲ್ಲಿ ನಿಂತವರ ನಾಲಿಗೆಗೆ ಒಂದೊಂದು ತೊಟ್ಟು ಮುಟ್ಟಿಸುತ್ತಿದ್ದ. ಆ ಗಳಿಗೆಯಿಂದ ‘ಬೇಡ’, ‘ಇಲ್ಲ’, ‘ಒಲ್ಲೆ’, ‘ಕೂಡದು’ ಎಂಬ ಮಾತುಗಳೆಲ್ಲ ಮಲಗಿಬಿಡಬೇಕು. ಯಾಕೆಂದರೆ ಬೆಟ್ಟದ ಮೇಲೆ ಹಿಮವೂ ಮಲಗಿರುತ್ತದೆ. ಊರಿನವರ ಬಾಯಿಂದ ಒಂದೇ ಒಂದು ‘ಬೇಡ’ ಕೇಳಿದರೂ ಅದು ಅವಮಾನದಿಂದ ಎದ್ದು ಬಂದುಬಿಡುತ್ತದೆ. ಹೊರಗಿನವರು ಏನಂದರೂ ತೊಂದರೆಯಿರಲಿಲ್ಲ. ಅವರ ಮಾತು ಬೆಟ್ಟಕ್ಕೆ ತಿಳಿಯುವುದಿಲ್ಲ ಎಂದು ಊರಿನವರ ನಂಬಿಕೆ.

ಹಾಗಾಗಿ ಅಲ್ಲಿ ಅಕ್ಕಿ ತೀರಿದರೆ ಅಕ್ಕಿ ಹೆಚ್ಚಾಯಿತು ಎನ್ನುತ್ತಿದ್ದರು. ದೀಪ ಆರಿದರೆ ದೀಪ ದೊಡ್ಡದಾಯಿತು ಎನ್ನುತ್ತಿದ್ದರು. ಹೆಣ್ಣು ಕೇಳಲು ಬಂದವರಿಗೆ ಹೂಂ ಎನ್ನಲೇಬೇಕಾದ್ದರಿಂದ ಹೆಣ್ಣು ಹೆತ್ತವರು ಚಳಿಗಾಲವೆಲ್ಲ ಅಗುಳಿ ಹಾಕಿಕೊಂಡು ಕಿವುಡರಾಗಿರುತ್ತಿದ್ದರು. ಬಡಿಸುವವಳ ಸೌಟಿಗೆ ಅಡ್ಡಿಯೇ ಇರಲಿಲ್ಲ. ಉಣ್ಣಲು ಕೂತವರು ಬಡಿಸಿದ್ದನ್ನೆಲ್ಲ ಉಣ್ಣುತ್ತ, ಕಣ್ಣಲ್ಲಿ ನೀರು ತಂದುಕೊಳ್ಳುತ್ತ, ಅವಳ ಕೈ ಸೋಲುವುದನ್ನೇ ಕಾಯುತ್ತಿದ್ದರು. ಹಿಮ ಕರಗಿ ಹೊಳೆ ಮೊದಲ ಸಲ ಸದ್ದು ಮಾಡಿದ ದಿನ ಎಲ್ಲರೂ ಬಾಯಿ ತೊಳೆದು, ಒಬ್ಬರ ಮನೆಗೊಬ್ಬರು ಹೋಗಿ, ಅಷ್ಟು ದಿನ ಕೂಡಿಟ್ಟ ‘ಬೇಡ’ಗಳನ್ನು ಹೇಳಿ ಬರುತ್ತಿದ್ದರು. ಅದೇ ಅವರ ದೊಡ್ಡ ಹಬ್ಬ.

ಊರಿನಿಂದ ಆಚೆ ಸೀಮೆಗೆ ಒಂದೇ ದಾರಿ. ಊರಬಾಗಿಲು ದಾಟಿದ ಮೇಲೆ ಆ ದಾರಿ ಬೆಟ್ಟದ ಎದೆಗೆ ಅಡ್ಡವಾಗಿ ಹೋಗಿ ಕಣಿವೆ ಸೇರುತ್ತಿತ್ತು. ದಾರಿಯ ಮೇಲುಗಡೆ ಮುಗಿಲಿನ ತನಕ ಬರೀ ಬಿಳಿಯ ಇಳಿಜಾರು. ಹೋಗುವವರು ಸೊಂಟಕ್ಕೆ ಉದ್ದನೆಯ ಕೆಂಪು ದಾರ ಕಟ್ಟಿ, ಅದನ್ನು ಬಾಲದಂತೆ ಹಿಂದೆ ಎಳೆದುಕೊಂಡು ನಡೆಯುತ್ತಿದ್ದರು. ಬೆಟ್ಟ ಮಗ್ಗುಲು ಬದಲಿಸಿ ಹಿಮ ಕುಸಿದರೆ ಮನುಷ್ಯ ಅಡಿಗೆ ಹೋಗುತ್ತಾನೆ, ದಾರದ ತುದಿ ಮೇಲೆ ತೇಲುತ್ತದೆ. ಅದನ್ನು ಹಿಡಿದು ಅಗೆಯಬಹುದು. ಅಗೆದು ಯಾರನ್ನಾದರೂ ಜೀವಂತ ಎತ್ತಿದ್ದನ್ನು ಕಂಡವರಿರಲಿಲ್ಲ. ಹಿಮ ಕರಗುವ ಕಾಲಕ್ಕೆ ಹೊಳೆಯಲ್ಲಿ ದಾರಗಳು ಸಿಗುತ್ತಿದ್ದವು. ಅವನ್ನು ಹಿಂಡಿ, ಒಣಗಿಸಿ, ಮುಂದಿನ ವರ್ಷ ಹೋಗುವವರಿಗೆ ಕೊಡುತ್ತಿದ್ದರು.

ಊರಬಾಗಿಲ ಕಲ್ಲಿನ ಮೇಲೆ ಕೂತು ಹೋಗುವವರಿಗೆ ಅಪ್ಪಣೆ ಕೊಡುವವನಿಗೆ ಹೂಂಗಾರ ಎಂದು ಹೆಸರು. ಈ ಕೆಲಸ ಅವನಿಗೆ ಸೋದರಮಾವನಿಂದ ಬಂದದ್ದು. ದಿನಾ ಬೆಳಿಗ್ಗೆ ಅವನು ಬೆಟ್ಟದ ಹೆಗಲ ತನಕ ಹತ್ತಿ, ಹಿಮದಲ್ಲಿ ಎದೆಯುದ್ದ ಗುಣಿ ತೋಡಿ, ಗುಣಿಯ ಗೋಡೆಯನ್ನು ಕೈಯಿಂದ ಸವರುತ್ತಿದ್ದ. ಚಿರೋಟಿಯಲ್ಲಿ ಪದರ ಕಾಣುವ ಹಾಗೆ ಅಲ್ಲಿ ಚಳಿಗಾಲದ ಒಂದೊಂದು ದಿನವೂ ಕಾಣುತ್ತಿತ್ತು. ಅಂಗೈಯಿಂದ ಒತ್ತುತ್ತಿದ್ದ, ಕೆನ್ನೆ ಇಟ್ಟು ಕೇಳುತ್ತಿದ್ದ. ಕೆಲವು ದಿನ ಏನೋ ತಿಳಿದಂತಾಗುತ್ತಿತ್ತು. ಕೆಲವು ದಿನ ಕೆನ್ನೆ ಮರಗಟ್ಟಿದ್ದಷ್ಟೇ ಲಾಭ. ಕೆಳಗಿಳಿದು ಬಂದು ಕಲ್ಲಿನ ಮೇಲೆ ಕೂತರೆ ಹೋಗುವವರು ಕೇಳುತ್ತಿದ್ದರು: “ಹೋಗಿ ಬರಲೇ?”

ಅವನು “ಹೂಂ” ಎನ್ನುತ್ತಿದ್ದ. ಬೇರೆ ಏನನ್ನೂ ಅನ್ನುವ ಹಾಗಿರಲಿಲ್ಲವಲ್ಲ.

ಆದರೆ ಮಾವ ಅವನಿಗೆ ಐದು ಬಗೆಯ ಹೂಂ ಕಲಿಸಿದ್ದ. ಗಂಟಲಿನಿಂದ ಚುಟುಕಾಗಿ ಬಂದರೆ ಹಿಮ ಗಟ್ಟಿಯಾಗಿದೆ, ನೆಮ್ಮದಿಯಾಗಿ ಹೋಗಿ ಎಂದು ಅರ್ಥ. ತುಸು ಉಸಿರು ಬೆರೆತರೆ ನೋಡಿಕೊಂಡು ಹೋಗಿ. ಮೂಗಿನಿಂದ ಬಂದರೆ ಒಬ್ಬರ ಹಿಂದೆ ಒಬ್ಬರು, ದೂರ ದೂರ ನಡೆಯಿರಿ. ಕೆಮ್ಮು ಸೇರಿದರೆ ಬಿಸಿಲೇರುವ ಮುಂಚೆ ದಾಟುವ ಹಾಗಿದ್ದರೆ ಮಾತ್ರ. ಐದನೆಯದನ್ನು ಎದೆಯಲ್ಲಿದ್ದ ಉಸಿರೆಲ್ಲ ಮುಗಿಯುವ ತನಕ ಎಳೆಯಬೇಕು. ಅದನ್ನು ಕೇಳಿದ ಊರಿನವರು ಗಂಟು ಎತ್ತಿಕೊಂಡು ಸುಮ್ಮನೆ ಮನೆಗೆ ಮರಳುತ್ತಿದ್ದರು. ಹೊರಗಿನವರಿಗೆ ಐದೂ ಒಂದೇ; ಐದನೆಯದರ ಅರ್ಥ ಬಿಡಿಸಿ ಹೇಳಿದರೆ ಅದೂ ‘ಬೇಡ’ ಎಂದಂತೆಯೇ ಆಗುತ್ತಿತ್ತು. ಮಾವ ಒಮ್ಮೆ ಐದನೆಯ ಹೂಂ ಎಳೆದಾಗ ಕಂಬಳಿ ಮಾರುವವರ ಗುಂಪೊಂದು ಅವನ ಕಾಲು ಮುಟ್ಟಿ ನಮಸ್ಕರಿಸಿ ಹೊರಟುಹೋಗಿತ್ತು. ಆ ವಸಂತದಲ್ಲಿ ಹೊಳೆಯ ದಡದ ತುಂಬ ದಾರ ಒಣಹಾಕಿದ್ದರು. ಅದಾದ ಮೇಲೆ ಮಾವನ ಗಂಟಲು ಕಟ್ಟಿತು, ಅಳಿಯ ಕಲ್ಲಿನ ಮೇಲೆ ಕೂತ.

ಆ ವರ್ಷ ಹಿಮ ಬೇಗ ಬಿತ್ತು. ಆಮೇಲೆ ಬಹಳ ದಿನ ಬರೀ ಒಣಚಳಿ. ನೆಲದ ಹತ್ತಿರದ ಹಿಮವೆಲ್ಲ ಕಾಳುಕಾಳಾಗಿ ರವೆಯಂತೆ ಉದುರತೊಡಗಿತು. ಅದರ ಮೇಲೆ ಪಡುವಣ ಗಾಳಿ ಹೊಸ ಹಿಮವನ್ನು ಹೊತ್ತು ತಂದು, ಬಡಿದು ಬಡಿದು ಹಲಗೆಯಂತೆ ಗಟ್ಟಿ ಮಾಡಿತು. ಕೆಳಗೆ ರವೆ, ಮೇಲೆ ಹಲಗೆ. ಹೂಂಗಾರ ಬೆಟ್ಟದ ಹೆಗಲ ಮೇಲೆ ಒಂದು ಹೆಜ್ಜೆ ಊರಿದ್ದೇ ತಡ, ಸುತ್ತಲಿನ ಬಯಲೆಲ್ಲ ‘ಗುಮ್’ ಎಂದು ಒಂದು ಬೆರಳಷ್ಟು ಕುಸಿಯಿತು. ಹಲಗೆ ಈಗಲೋ ಆಗಲೋ ಜಾರುವಂತಿತ್ತು. ಗುಣಿ ತೋಡುವ ಗೋಜಿಗೇ ಹೋಗದೆ ಬಂದ ಹೆಜ್ಜೆಯ ಗುರುತಿನ ಮೇಲೆಯೇ ಹೆಜ್ಜೆಯಿಟ್ಟು ಇಳಿದು ಬಂದ.

ಬಾಗಿಲಲ್ಲಿ ಒಂದು ಮದುವೆ ದಿಬ್ಬಣ ಕಾದಿತ್ತು. ಬಯಲುಸೀಮೆಯವರು. ಹೇಸರಗತ್ತೆಯ ಮೇಲೆ ಮದುಮಗ, ಮುಂದೆ ಓಲಗದವರು, ಹಿಂದೆ ನೆಂಟರಿಷ್ಟರು. ಹೆಣ್ಣಿನ ಮನೆ ಕಣಿವೆಯ ಆಚೆ.

“ನಾಳೆ ಬೆಳಿಗ್ಗೆ ಮುಹೂರ್ತ,” ಎಂದ ಮದುಮಗನ ತಂದೆ. “ಹೊರಡಬಹುದಲ್ಲ?”

ಹೂಂಗಾರ ಎದೆ ತುಂಬ ಉಸಿರು ತೆಗೆದುಕೊಂಡು ಐದನೆಯ ಹೂಂ ಎಳೆದ. ಅವನ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ಓಲಗದವನು ಅದನ್ನು ಶ್ರುತಿ ಎಂದುಕೊಂಡು ಅದೇ ಸ್ವರ ಹಿಡಿದು ಊದತೊಡಗಿದ. ಡೋಲೂ ಸೇರಿತು. ಉಸಿರು ಮುಗಿದು ಹೂಂಗಾರ ಕಲ್ಲಿಗೆ ಒರಗಿದಾಗ ಮದುಮಗನ ತಂದೆ ಬಂದು ಅವನ ಕೈ ಹಿಡಿದ. “ಎಷ್ಟೋ ಊರು ತಿರುಗಿದ್ದೇನೆ. ಇಷ್ಟು ತುಂಬು ಮನಸ್ಸಿನ ಹೂಂ ಎಲ್ಲೂ ಕೇಳಿರಲಿಲ್ಲ.”

ಊರಿನವರ ಮುಖ ಬೆಳ್ಳಗಾಯಿತು. ಅವರಿಗೆ ತಿಳಿದಿದ್ದ ಉಪಾಯ ಒಂದೇ, ಉಪಚಾರ. ಹೆಂಗಸರು ಓಡಿ ಬಂದು ದಿಬ್ಬಣವನ್ನು ಮನೆಗಳ ಒಳಕ್ಕೆ ಎಳೆದರು. “ಉಂಡು ಹೋಗಿ.” ಉಂಡರು. “ಇನ್ನೊಂದು ಸಲ ಉಂಡು ಹೋಗಿ.” ಅದೂ ಆಯಿತು. “ಒಂದು ನಿದ್ದೆ ಮಾಡಿ ಹೋಗಿ.” ಮದುಮಗನ ತಂದೆ ಕೈ ಮುಗಿದು ಎದ್ದ. ಊರ ಹಿರಿಯ ಹೂಂಗಾರನ ಪಕ್ಕ ಬಂದು ನಿಂತ.

“ಗಂಟಲು ಸರಿಯಾಗಿದೆಯೇನಪ್ಪ?”

“ಸರಿಯಾಗಿದೆ, ಹಿರಿಯರೆ.”

“ಹಾಗೇ ಇಟ್ಟುಕೋ. ಈ ಊರೆಲ್ಲ ಬೆಟ್ಟದ ಕಾಲಡಿ ಇದೆ. ನಿನ್ನ ಹೆಂಡತಿಯೂ ಇಲ್ಲೇ ಇದ್ದಾಳೆ.”

ಕೊನೆಗೆ ಮದುಮಗನ ತಾಯಿ ಬಂದಳು. ತನ್ನ ಮಡಿಲಿಗೆ ಸಿಹಿ ತುಂಬಿದ ಹೆಂಗಸರೆಲ್ಲ ಯಾಕೆ ಅಳುತ್ತಿದ್ದರು ಎಂದು ಅವಳಿಗೆ ಹೊಳೆದಿರಲಿಲ್ಲ. ಅವನ ಮುಖವನ್ನೇ ನೋಡುತ್ತ ಕೇಳಿದಳು. “ಅಣ್ಣ, ಅವನು ನಿಮ್ಮ ಮಗನಾಗಿದ್ದರೆ ಕಳಿಸ್ತಿದ್ರಾ?”

ಹೂಂಗಾರ ಬಾಯಿ ತೆರೆದ. ಅವನ ಗಂಟಲಿಗೆ ತಿಳಿದಿದ್ದ ದಾರಿ ಒಂದೇ. “ಹೂಂ” ಎಂದುಬಿಟ್ಟ.

ತಾಯಿ ತಲೆದೂಗಿ ಹೋಗಿ ಮಗನ ಸೊಂಟದ ದಾರವನ್ನು ತಾನೇ ಬಿಗಿಯಾಗಿ ಕಟ್ಟಿದಳು. ಓಲಗ ಶುರುವಾಯಿತು. ದಿಬ್ಬಣ ಒಬ್ಬರಿಗೊಬ್ಬರು ಅಂಟಿಕೊಂಡು ಬಾಗಿಲು ದಾಟಿತು. ಕೆಂಪು ದಾರಗಳು ಒಂದರ ಮೇಲೊಂದು ತೊಡಕಿಕೊಳ್ಳುತ್ತ ಹಿಂದೆ ಹರಿದುಹೋದವು.

ಕೊನೆಯ ದಾರದ ತುದಿ ಕಲ್ಲಿನ ಮುಂದೆ ಸರಿಯುವಾಗ ಹೂಂಗಾರ ಅದನ್ನು ಕಾಲಿನಿಂದ ಮೆಟ್ಟಿದ. ತಾನು ಮೆಟ್ಟಿದ್ದೇನೆಂದು ಅವನಿಗೇ ತಡವಾಗಿ ತಿಳಿಯಿತು. ಆಮೇಲೆ ಓಡಿದ. ಹೂಂಗಾರ ಓಡಿದ್ದನ್ನು ಆ ಊರು ಎಂದೂ ಕಂಡಿರಲಿಲ್ಲ. ಇಳಿಜಾರು ಶುರುವಾಗುವಲ್ಲಿ ದಿಬ್ಬಣದ ಮುಂದೆ ಹೋಗಿ ಎರಡೂ ಕೈ ಚಾಚಿ ನಿಂತ.

“ಬೇ…” ಎಂದ. “ಬೇ… ಬೇ…”

ಮದುಮಗನ ಗೆಳೆಯರು ನಕ್ಕರು. ಒಬ್ಬ ಕುರಿಯಂತೆ ಅರಚಿ ಉತ್ತರ ಕೊಟ್ಟ.

“ಬೇಡ,” ಎಂದ ಹೂಂಗಾರ. “ಹೋಗಬೇಡಿ.”

ಬಾಗಿಲ ಬಳಿ ನಿಂತಿದ್ದ ಊರಿನವರೆಲ್ಲ ತಲೆಯ ಮೇಲೆ ಕೈ ಹೊತ್ತು ಕುಕ್ಕರಿಸಿದರು. ಹಿರಿಯ ಕಣ್ಣು ಮುಚ್ಚಿದ. ಕಾದರು. ಎಲ್ಲೋ ಒಂದು ಹೇಸರಗತ್ತೆ ಸೀನಿತು. ಬೆಟ್ಟ ಅಲ್ಲಾಡಲಿಲ್ಲ.

“ಆಗ ಹೂಂ ಅಂದೆ, ಈಗ ಬೇಡ ಅಂತೀಯ. ಯಾವುದನ್ನು ನಂಬಬೇಕು?” ಎಂದು ಮದುಮಗನ ತಂದೆ ಸಿಡುಕಿದ.

ತಾಯಿ ಆಗಲೇ ಹೇಸರಗತ್ತೆಯ ಲಗಾಮು ಹಿಡಿದು ತಿರುಗಿಸಿದ್ದಳು. “ಹಿಂದಕ್ಕೆ ನಡೀರಿ,” ಎಂದಳು. “ಈತ ಬೆಳಿಗ್ಗೆಯಿಂದ ಆಡಿದ್ದರಲ್ಲಿ ನನಗೆ ಅರ್ಥವಾಗಿದ್ದು ಇದೊಂದೇ.”

ಮುಹೂರ್ತ ಕಳೆದುಹೋಯಿತು. ಬೆಟ್ಟ ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ. ಅದರಾಚೆ ದಿನ ಉಪ್ಪಿನ ವ್ಯಾಪಾರಿಯೊಬ್ಬ ಕಣಿವೆಯ ಆಚೆಯಿಂದ ಶಿಳ್ಳೆ ಹಾಕುತ್ತ ಅದೇ ಇಳಿಜಾರನ್ನು ದಾಟಿ ಬಂದು, ಬಾಗಿಲಲ್ಲಿ ಕಾಲು ಕೊಡವಿ, ದಾರಿ ಬೆಣ್ಣೆಯ ಹಾಗಿದೆ ಎಂದ. ಮದುಮಗನ ತಂದೆ ಹೂಂಗಾರನ ಮುಂದೆ ಬಂದು ಅವನನ್ನು ನೋಡುತ್ತ ನಿಂತು, ಹೋದ.

ಅಂದಿನಿಂದ ಹೂಂಗಾರನಿಗೆ ಅನ್ನ ಇಳಿಯಲಿಲ್ಲ. ಅಂಗಳದಲ್ಲಿ ನಿಂತು ಬೆಟ್ಟವನ್ನೇ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದ. ಹೆಂಡತಿ ಕೊಡ ಇಳಿಸಿ ಹತ್ತಿರ ಬಂದಳು.

“ಯಾವ ಮಂತ್ರ ಅದು?”

“ಬೀಳಲಿ ಅಂತ ಬೇಡ್ಕೊಳ್ತಿದ್ದೀನಿ.”

“ಯಾರ ಮೇಲೆ?”

“ಬರೀ ದಾರಿಯ ಮೇಲೆ. ಒಂದೇ ಒಂದು ಸಲ. ನಾನು ಹೇಳಿದ್ದು ನಿಜ ಅಂತ ಗೊತ್ತಾದರೆ ಸಾಕು.”

“ಅಷ್ಟು ಅಳತೆ ಮಾಡಿ ಬೀಳುವ ಬೆಟ್ಟವಾಗಿದ್ದರೆ ನಿಮ್ಮಂಥವರು ಯಾಕೆ ಬೇಕಿತ್ತು?” ಎಂದಳು ಅವಳು. “ಮದುಮಗ ನಮ್ಮ ಜಗಲಿಯ ಮೇಲೆ ಕೂತು ಗಂಜಿ ಕುಡೀತಿದ್ದಾನೆ. ಹೋಗಿ ಅವನನ್ನು ನೋಡಿ.”

ಅವನು ಹೋಗಿ ನೋಡಿದ. ಹುಡುಗನ ಮೀಸೆಗೆ ಗಂಜಿ ಅಂಟಿತ್ತು. ಹೂಂಗಾರನಿಗೆ ತನ್ನ ಬೇಡಿಕೆಯ ಬಗ್ಗೆ ನಾಚಿಕೆಯಾಯಿತು. ಆದರೂ ಕಣ್ಣು ಬೆಟ್ಟದ ಕಡೆಗೆ ಹೋಗುವುದು ನಿಲ್ಲಲಿಲ್ಲ.

ಊರಿನಲ್ಲಿ ಅದಕ್ಕಿಂತ ದೊಡ್ಡ ಕಷ್ಟ ಎದ್ದಿತ್ತು. ಹೂಂಗಾರ ಬೇಡ ಎಂದಿದ್ದಾನೆ. ಬೆಟ್ಟ ಬಿದ್ದಿಲ್ಲ. ಹಾಗಾದರೆ ಕಟ್ಟಳೆ ಸುಳ್ಳಾಗಬೇಕು. ಕಟ್ಟಳೆ ಅಜ್ಜನ ಅಜ್ಜಂದಿರದ್ದು. ಅದನ್ನು ಸುಳ್ಳು ಮಾಡಿದರೆ ಇಷ್ಟು ಚಳಿಗಾಲ ತಿಂದ ಅನ್ನವೂ ಕೊಟ್ಟ ಹೆಣ್ಣುಗಳೂ ದಂಡವಾದಂತೆ. ಹಿರಿಯರು ಒಲೆಯ ಸುತ್ತ ಕೂತು ಬಹಳ ಹೊತ್ತು ಯೋಚಿಸಿದರು. ಕೊನೆಗೆ ಊರ ಹಿರಿಯ ಎದ್ದು ನಿಂತು ತೀರ್ಮಾನ ಹೇಳಿದ. ಬೇಡ ಎಂದಿದ್ದರೆ ಬೆಟ್ಟ ಬೀಳುತ್ತಿತ್ತು. ಬಿದ್ದಿಲ್ಲವಾದ್ದರಿಂದ ಹೂಂಗಾರ ಅಂದದ್ದು ಬೇಡ ಅಲ್ಲ. ಅದು ಕೇಳಲು ಬೇಡ ಎಂಬಂತಿರುವ ಇನ್ನೊಂದು ಹೂಂ. ಆರನೆಯ ಹೂಂ.

ಎಲ್ಲರೂ ನಿರಾಳವಾಗಿ ಎದ್ದು ಮನೆಗೆ ಹೋದರು.

ಗಾಳಿ ನಿಂತಿತು. ಹಿಮ ದಿನದಿನಕ್ಕೆ ಕುಗ್ಗಿ ಬಿಗಿಯಾಯಿತು. ಹೂಂಗಾರ ಗುಣಿಯೊಳಗೆ ಇಳಿದು ಒತ್ತಿ ಒತ್ತಿ ನೋಡಿ ಬಂದು, ಮೂಗಿನಿಂದ ಹೂಂ ಎಂದ. ಒಬ್ಬೊಬ್ಬರಾಗಿ ದೂರ ದೂರ ನಡೆಯಬೇಕೆಂದು ಅವನ ಹೆಂಡತಿ ಮದುಮಗನ ತಾಯಿಗೆ ಬಿಡಿಸಿ ಹೇಳಿದ್ದಳು. ದಿಬ್ಬಣ ದಾಟಿತು. ಬೇರೆ ಮುಹೂರ್ತದಲ್ಲಿ ಮದುವೆಯಾಯಿತೆಂದು ಸುದ್ದಿ ಬಂತು. ಬೆಟ್ಟ ಆ ವರ್ಷ ಬೀಳಲೇ ಇಲ್ಲ. ಆ ಹಲಗೆ, ಆ ರವೆ ಎಲ್ಲ ಬಿಸಿಲಿಗೆ ಮೆತ್ತಗಾಗಿ, ನೀರಾಗಿ, ಹೊಳೆ ಸೇರಿ ಹೋದವು. ಅಂದು ದಿಬ್ಬಣವನ್ನು ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ.

ಮರುವರ್ಷ ಜೇನು ಮುಟ್ಟಿಸಿದ ಮೇಲೂ ಊರು ಗಲಗಲ ಎನ್ನುತ್ತಿತ್ತು. ಬೇಡ ಎಂಬುದು ಹೂಂ ಆದ ಮೇಲೆ ಅದನ್ನು ಅನ್ನಲು ಯಾರ ಭಯ? “ಇನ್ನೊಂದು ಮುದ್ದೆ?” “ಬೇಡ.” ಬಡಿಸುವವಳು ಸಂತೋಷದಿಂದ ಇನ್ನೊಂದು ಹಾಕುತ್ತಿದ್ದಳು. “ಮಗಳನ್ನು ಕೊಡ್ತೀರಾ?” “ಬೇಡ.” ಕೂಡಲೇ ಎಲೆ ಅಡಿಕೆ ಬದಲಾಯಿಸಿ ಲಗ್ನ ಗೊತ್ತು ಮಾಡುತ್ತಿದ್ದರು. ಮಾತು ನಾಲಿಗೆಗೆ ಬಲು ಹಿತವಾಗಿತ್ತು. ಅದು ಬಂದ ಮೇಲೂ ಎಲ್ಲ ಮೊದಲಿನಂತೆಯೇ ನಡೆಯುತ್ತಿದ್ದುದರಿಂದ ಹಿರಿಯರಿಗೂ ಹಿತವಾಗಿತ್ತು.

ಚಳಿಗಾಲದ ನಡುವೆ ಒಂದು ರಾತ್ರಿ ಇದ್ದಕ್ಕಿದ್ದಂತೆ ಬೆಚ್ಚನೆಯ ಗಾಳಿ ಬೀಸಿತು. ಬೆಳಿಗ್ಗೆ ಹೂಂಗಾರ ಮೇಲೆ ಹತ್ತಿದಾಗ ‘ಗುಮ್’ ಎಂಬ ಸದ್ದು ಬರಲಿಲ್ಲ. ಹಿಮ ಒದ್ದೆ ಹಿಟ್ಟಿನಂತೆ ಕಾಲಿಗೆ ಮೆತ್ತುತ್ತಿತ್ತು. ಇಳಿಜಾರಿನ ಮೇಲಿಂದ ಪುಟ್ಟ ಪುಟ್ಟ ಉಂಡೆಗಳು ತಾವಾಗಿ ಉರುಳಿ, ಹಿಂದೆ ಗೆರೆ ಎಳೆದುಕೊಂಡು ಬರುತ್ತಿದ್ದವು. ಬೀಳುತ್ತದೆಂದು ಅವನಿಗೆ ಖಾತ್ರಿಯಿರಲಿಲ್ಲ. ಹೋದ ವರ್ಷ ಖಾತ್ರಿಯಿತ್ತು, ಅದು ಬಿದ್ದಿರಲಿಲ್ಲ. ಆದರೂ ಈ ಇಳಿಜಾರಿನ ಕೆಳಗೆ ತಾನಾದರೆ ನಡೆಯಲಾರೆ ಎಂಬುದಷ್ಟು ಗೊತ್ತಿತ್ತು.

ಬಾಗಿಲಲ್ಲಿ ಉಪ್ಪಿನ ವ್ಯಾಪಾರಿ ಕತ್ತೆಗಳಿಗೆ ಮೂಟೆ ಹೇರಿಸಿ ನಿಂತಿದ್ದ. ಕೆಲವು ದಿನ ಊರಿನಲ್ಲೇ ಉಳಿದು ಅವನೂ ಅಲ್ಲಿನ ಹೊಸ ‘ಬೇಡ’ಕ್ಕೆ ಒಗ್ಗಿಹೋಗಿದ್ದ. ಅವನ ಜೊತೆ ಊರಿನ ಕೆಲವರೂ ಆಚೆ ಸೀಮೆಯ ನೆಂಟರ ಮನೆಗೆ ಹೊರಟಿದ್ದರು.

“ಹೋಗಿ ಬರಲೇ, ಹೂಂಗಾರಣ್ಣ?”

ಹೂಂಗಾರ ಐದನೆಯ ಹೂಂ ಎಳೆಯಲು ಹೋಗಿ ನಿಲ್ಲಿಸಿದ. ವ್ಯಾಪಾರಿಗೆ ಅದು ತಿಳಿಯುವುದಿಲ್ಲ. ಊರಿನವರಿಗೂ ಈಗ ಹಳೆಯ ಐದರ ಕಡೆ ಗಮನವಿರಲಿಲ್ಲ.

“ಬೇಡ,” ಎಂದ.

“ಸಂತೋಷ,” ಎಂದು ವ್ಯಾಪಾರಿ ದಾರ ಕಟ್ಟಿಕೊಂಡ.

“ಬೇಡಪ್ಪ. ನಿಜವಾಗಿ ಬೇಡ.”

“ಎರಡೆರಡು ಸಲ ಅಂದಿರಿ. ದೊಡ್ಡ ಮನಸ್ಸು ನಿಮ್ಮದು. ನಿಮ್ಮ ನಾಲಿಗೆ ತಣ್ಣಗಿರಲಿ.”

ಹೂಂಗಾರ ಸುತ್ತ ನಿಂತವರ ಮುಖ ನೋಡಿದ. ಎಲ್ಲರೂ ಒಳ್ಳೆಯ ಮನಸ್ಸಿನಿಂದ ನಗುತ್ತಿದ್ದರು. ಅವನ ಬಾಯಲ್ಲಿ ಇನ್ನು ಯಾವ ಮಾತೂ ಉಳಿದಿರಲಿಲ್ಲ. ಕಲ್ಲಿನಿಂದ ಇಳಿದು ಬಾಗಿಲ ನಡುವೆ, ದಾರಿಗೆ ಅಡ್ಡಲಾಗಿ, ಒದ್ದೆ ಹಿಮದಲ್ಲಿ ಅಂಗಾತ ಮಲಗಿಬಿಟ್ಟ.

ಕತ್ತೆಗಳು ನಿಂತವು. ಮಲಗಿದವರನ್ನು ದಾಟಬಾರದು ಎಂಬುದು ಆ ಊರಿನ ಕಟ್ಟಳೆಗಿಂತ ಹಳೆಯ ಮಾತು. ಅದು ವ್ಯಾಪಾರಿಯ ಸೀಮೆಯಲ್ಲೂ ಇತ್ತು. ಅಪ್ಪಿತಪ್ಪಿ ದಾಟಿದರೆ ದೋಷ ಕಳೆಯಲು ಮತ್ತೆ ಈಚೆಗೆ ದಾಟಬೇಕು. ನೆಂಟರ ಮನೆಗೆ ಹೊರಟವನೊಬ್ಬ ಧೈರ್ಯ ಮಾಡಿ ದಾಟಿದ, ದೋಷಕ್ಕೆ ಹೆದರಿ ಹಿಂದಕ್ಕೂ ದಾಟಿದ, ಇದ್ದಲ್ಲೇ ನಿಂತ. ಇನ್ನೊಬ್ಬನೂ ಹಾಗೇ ಮಾಡಿ ನೋಡಿದ.

ಊರ ಹಿರಿಯನಿಗೆ ಕರೆ ಹೋಯಿತು. ಅವನು ಬಂದು ಬಗ್ಗಿ ನೋಡಿದ. “ಏನಪ್ಪ ಇದು?”

ಹೂಂಗಾರ ಮುಗಿಲು ನೋಡುತ್ತಿದ್ದ. ತುಟಿ ಬಿಚ್ಚಲಿಲ್ಲ.

ಹಿರಿಯರೆಲ್ಲ ಅವನ ಸುತ್ತ ಚಾಪೆ ಹಾಸಿಕೊಂಡು ಕೂತು, ಮಲಗುವುದು ಎಷ್ಟನೆಯ ಹೂಂ ಎಂದು ಚರ್ಚೆಗೆ ತೊಡಗಿದರು. ಒಬ್ಬ ಏಳನೆಯದು ಎಂದ. ಒಬ್ಬ, ಬಾಯಿಂದ ಬಂದದ್ದಷ್ಟೇ ಹೂಂ ಎಂದ. ಅಷ್ಟರಲ್ಲಿ ವ್ಯಾಪಾರಿ ಹೂಂಗಾರನ ಕಾಲಿನ ಕಡೆ ಒಂದು ಕತ್ತೆ ನುಸುಳುವಷ್ಟು ಜಾಗ ಇರುವುದನ್ನು ಕಂಡು ಮುಂದಿನ ಕತ್ತೆಯನ್ನು ಮೆಲ್ಲಗೆ ಆ ಕಡೆ ತಿರುಗಿಸಿದ. ಹೂಂಗಾರನ ಹೆಂಡತಿ ಕಂಬಳಿ ಹಿಡಿದು ಬಂದವಳು ಅದನ್ನು ನೋಡಿದಳು. ಗಂಡನಿಗೆ ಕಂಬಳಿ ಹೊದಿಸಿ, ಸೆರಗು ಬಿಗಿದು, ಆ ಜಾಗದಲ್ಲಿ ತಾನೂ ಮಲಗಿದಳು.

“ಚಳಿ ಆಗ್ತಿದೆಯಾ?” ಎಂದು ಕೇಳಿದಳು.

ಅವನು ಅವಳ ಕೈ ಹಿಡಿದುಕೊಂಡ.

ಬಿಸಿಲು ಇಳಿಜಾರಿನ ನೆತ್ತಿ ಮುಟ್ಟಿತು. ಚರ್ಚೆ ಇನ್ನೂ ಏಳನೆಯದರಲ್ಲೇ ಇತ್ತು. ಆಗ ಮೇಲೆ ಎಲ್ಲೋ ಹೊಸ ಬಟ್ಟೆ ಹರಿದಂತೆ ಸದ್ದಾಯಿತು. ಬಿಳಿಯ ಇಳಿಜಾರಿನ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಕರಿಗೆರೆ ಓಡಿತು. ಗೆರೆಯ ಕೆಳಗಿನದೆಲ್ಲ ಮೊದಮೊದಲು ನಿಧಾನವಾಗಿ, ಮನಸ್ಸಿಲ್ಲದಂತೆ, ಆಮೇಲೆ ಕಣ್ಣಿಗೆ ಸಿಗದಂತೆ ಇಳಿಯಿತು. ನೆಲ ನಡುಗಿತು. ಗಾಳಿ ಬಂದು ಚಾಪೆಗಳನ್ನು ಎತ್ತಿಕೊಂಡು ಹೋಯಿತು. ಹಿಮದ ಹುಡಿ ಬಾಗಿಲ ತುಂಬ ನುಗ್ಗಿ, ಯಾರು ಯಾರೆಂದು ತಿಳಿಯದ ಹಾಗೆ ಎಲ್ಲರನ್ನೂ ಬೆಳ್ಳಗೆ ಮಾಡಿತು.

ಕಣ್ಣು ಒರೆಸಿಕೊಂಡು ನೋಡಿದರೆ ಬಾಗಿಲಾಚೆ ದಾರಿ ಇರಲಿಲ್ಲ. ದಾರಿಯಿದ್ದಲ್ಲಿ ಮನೆಗಾತ್ರದ ಹಿಮದ ಗಡ್ಡೆಗಳು ಒಂದರ ಮೇಲೊಂದು ಬಿದ್ದಿದ್ದವು. ಕತ್ತೆಗಳು ಕಿವಿ ಕೊಡವುತ್ತಿದ್ದವು. ವ್ಯಾಪಾರಿ ತನ್ನ ಸೊಂಟದ ದಾರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ.

“ಯಾರು ಅಂದವರು?” ಎಂದು ಊರ ಹಿರಿಯ ಕೇಳಿದ. “ನಿಜವಾದ ಬೇಡ ಯಾರು ಅಂದವರು?”

ಯಾರೂ ಅಂದಿರಲಿಲ್ಲ. ಹಿರಿಯ ಒಬ್ಬೊಬ್ಬರ ಮುಂದೆಯೂ ನಿಂತು ಕೇಳಿದ. ಒಬ್ಬ ತಾನು ಕೆಮ್ಮಿದ್ದಷ್ಟೇ ಎಂದ. ಬೆಳಗಿನ ಎರಡು ಬೇಡಗಳನ್ನು ಎಣಿಸುವ ಹಾಗಿರಲಿಲ್ಲ. ಅವು ಹೂಂ ಎಂದು ತೀರ್ಮಾನ ಕೊಟ್ಟವನು ಅವನೇ. ಆಮೇಲೆ ಹೂಂಗಾರ ಬಾಯೇ ತೆರೆದಿರಲಿಲ್ಲ. ಅದನ್ನು ಸುತ್ತ ಕೂತ ಎಲ್ಲರೂ ನೋಡಿದ್ದರು. ಹಿರಿಯ ತಿರುಗಿ ಬಂದು, ಎದ್ದು ಕೂತಿದ್ದ ಹೂಂಗಾರನ ಎದುರು ಹಿಮದಲ್ಲೇ ಕುಸಿದು ಕೂತ. ಅವನ ಹುಬ್ಬಿನ ಮೇಲೆ ಹಿಮ ಕರಗಿ ಕೆನ್ನೆಗೆ ಇಳಿಯುತ್ತಿತ್ತು.

“ಹಾಗಾದರೆ ಅದು ತಾನಾಗೇ ಬೀಳುತ್ತೆ,” ಎಂದ.

ಹಿರಿಯ ತಲೆಯೆತ್ತಿ ಬೆಟ್ಟ ನೋಡಿದ. ಇಷ್ಟು ವರ್ಷ ಅವನು ಹೂಂಗಾರನನ್ನು ಗಂಟಲಿನ ವಿಚಾರ ಬಿಟ್ಟು ಬೇರೇನನ್ನೂ ಕೇಳಿರಲಿಲ್ಲ. “ಗೆರೆಯ ಮೇಲಿನ ಹಿಮ ಇನ್ನೂ ಹಾಗೇ ಇದೆ,” ಎಂದ. “ಈ ಗಡ್ಡೆಗಳನ್ನು ಹತ್ತಿ ನಾಳೆ ಹೋಗಬಹುದಾ?”

“ಗೊತ್ತಿಲ್ಲ,” ಎಂದ ಹೂಂಗಾರ. “ಬೆಳಿಗ್ಗೆ ಹತ್ತಿ ನೋಡಿ ಬಂದು ಹೇಳ್ತೀನಿ. ಆಗಲೂ ಪೂರ್ತಿ ಗೊತ್ತಿರೋದಿಲ್ಲ.”

ಆ ಮಾತಿನಲ್ಲಿ ‘ಇಲ್ಲ’ ಇತ್ತು, ಅದೂ ಎರಡು ಸಲ. ಜನರೆಲ್ಲ ಉಸಿರು ಬಿಗಿಹಿಡಿದು ಮೇಲೆ ನೋಡಿದರು. ಏನೂ ಆಗಲಿಲ್ಲ. ಆಗಬಹುದಿತ್ತು, ಆಗಲಿಲ್ಲ, ಅಷ್ಟೇ. ವ್ಯಾಪಾರಿ ಕತ್ತೆಗಳ ಬೆನ್ನಿನಿಂದ ಉಪ್ಪಿನ ಮೂಟೆ ಇಳಿಸತೊಡಗಿದ. ಹೂಂಗಾರನ ಹೆಂಡತಿ ಎದ್ದು ಸೆರಗಿನ ಹಿಮ ಕೊಡವಿಕೊಂಡು, ಇವತ್ತು ತಮ್ಮ ಮನೆಯಲ್ಲಿ ಉಣ್ಣುವವರು ಯಾರ್ಯಾರು ಎಂದು ಕೇಳಿದಳು.